ತಿಂಗಳಿಗೆ 12 ಕಟ್ಟಿದರೂ ಇಳಿಯದ ಬಾಕಿ: ಸಾಲ ತೀರಿಸಲು ಹೊರಟವರೊಬ್ಬರ ಪ್ರಕರಣ

ಈ ಪ್ರಕರಣದ ಸಾಲಗಾರರು ಕಂತು ಕಟ್ಟದೆ ಕೈಚೆಲ್ಲಿ ಕುಳಿತವರಲ್ಲ. ಆಗೊಮ್ಮೆ ಈಗೊಮ್ಮೆ ಗಡುವು ದಾಟಿ ದಂಡ ತೆತ್ತದ್ದನ್ನು ಬಿಟ್ಟರೆ, ಕಾಗದಪತ್ರವಿರುವ ಎಲ್ಲ ಸಾಲಗಳಿಗೂ ಅವರು ತಿಂಗಳು ತಿಂಗಳೂ ಹಣ ತುಂಬುತ್ತಲೇ ಬಂದಿದ್ದರು. ಹಾಗಿದ್ದೂ ಬಾಕಿ ಇಳಿಯುತ್ತಿರಲಿಲ್ಲ, ಏಕೆ ಇಳಿಯುತ್ತಿಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. ಸಲಹೆ ಕೇಳಲು ಬಂದಾಗ ಅವರ ಬಾಯಲ್ಲಿದ್ದ ಪ್ರಶ್ನೆ ಒಂದೇ: ಯಾವ ಸಾಲವನ್ನು ಮೊದಲು ತೀರಿಸಬೇಕು? ಸಾಲದಿಂದ ಹೊರಬರಲು ಹೊರಟ ಬಹುತೇಕರು ಮೊದಲು ಕೇಳುವುದೂ ಇದನ್ನೇ. ಆದರೆ ತಿಂಗಳ ಲೆಕ್ಕ ಸರಿಹೋಗದೆ ಹೊಸ ಸಾಲ ಹುಟ್ಟುತ್ತಲೇ ಇರುವಾಗ ಹಳೆಯ ಸಾಲಗಳ ಸರದಿಯನ್ನು ಹೇಗೆ ಜೋಡಿಸಿದರೂ ವ್ಯತ್ಯಾಸವಾಗದು ಎಂಬುದು ಈ ಪ್ರಕರಣವನ್ನು ಬಿಡಿಸಿ ನೋಡಿದಾಗ ಸ್ಪಷ್ಟವಾಗುತ್ತದೆ.

ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಥೆಯಲ್ಲ, ಲೆಕ್ಕವನ್ನು ಕೊನೆಯವರೆಗೂ ಹಿಂಬಾಲಿಸಲು ಅನುಕೂಲವಾಗುವಂತೆ ಕಟ್ಟಿದ ಮಾದರಿ ಪ್ರಕರಣ. ಯಾವ ದೇಶದ ಹಣವನ್ನೂ ಹೆಸರಿಸದೆ, ಸಾಲಗಾರರ ಕೈಗೆ ಬರುವ ತಿಂಗಳ ಸಂಬಳವನ್ನು 100 ಎಂದು ಇಟ್ಟುಕೊಂಡು, ಉಳಿದ ಮೊತ್ತಗಳನ್ನೆಲ್ಲ ಅದೇ ಅಳತೆಯಲ್ಲಿ ಬರೆದಿದೆ. ಓದುಗರು ತಮ್ಮ ಸಂಬಳವನ್ನು 100 ಎಂದುಕೊಂಡರೆ ತಮ್ಮ ಸಾಲಗಳನ್ನೂ ಇದೇ ಕೋಷ್ಟಕಕ್ಕೆ ಇಳಿಸಿ ಹೋಲಿಸಬಹುದು.

ನೆನಪಿನ ಲೆಕ್ಕ ಮತ್ತು ಕಾಗದದ ಲೆಕ್ಕ

ಒಟ್ಟು ಸಾಲ ಎಷ್ಟೆಂದು ಕೇಳಿದಾಗ ಅವರು ತುಸು ಯೋಚಿಸಿ ಹೇಳಿದ್ದು 480. ಮೊದಲ ಕ್ರೆಡಿಟ್ ಕಾರ್ಡಿನಲ್ಲಿ 150, ಎರಡನೆಯದರಲ್ಲಿ 40, ವೈಯಕ್ತಿಕ ಸಾಲದಲ್ಲಿ 210, ವಾಹನ ಸಾಲದಲ್ಲಿ 80. ಅನಂತರ ಪ್ರತಿಯೊಂದು ಖಾತೆಯ ಇತ್ತೀಚಿನ ಸ್ಟೇಟ್‌ಮೆಂಟ್ ತರಿಸಿ, ಒಂದೇ ಹಾಳೆಯ ಮೇಲೆ ಸಾಲದ ಹೆಸರು, ಈ ದಿನದ ಬಾಕಿ, ವಾರ್ಷಿಕ ಬಡ್ಡಿ ದರ, ಕಟ್ಟಲೇಬೇಕಾದ ಮೊತ್ತ ಮತ್ತು ಗಡುವಿನ ದಿನವನ್ನು ಬರೆದಾಗ ಬಂದ ಮೊತ್ತ 617. ನೆನಪಿಗೂ ಕಾಗದಕ್ಕೂ ನಡುವೆ ಇದ್ದ ಅಂತರ 137, ಅಂದರೆ ಒಂದು ತಿಂಗಳ ಇಡೀ ಸಂಬಳಕ್ಕಿಂತ ಹೆಚ್ಚು.

ಈ ಅಂತರ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು, ಏಕೆಂದರೆ ಇಲ್ಲಿ ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಲಿಲ್ಲ. ಅಕ್ಕನಿಂದ ಪಡೆದ 50ರ ಕೈಸಾಲವನ್ನು ಅವರು ಸಾಲವೆಂದೇ ಎಣಿಸಿರಲಿಲ್ಲ, ಅದಕ್ಕೆ ಬಡ್ಡಿಯೂ ಇಲ್ಲ, ಗಡುವೂ ಇಲ್ಲ, ಜ್ಞಾಪಿಸುವ ಪತ್ರವೂ ಬರುವುದಿಲ್ಲ. ಕಾರ್ಡುಗಳಲ್ಲಿ ನಿಜವಾದ ಬಾಕಿ 180 ಮತ್ತು 60 ಇದ್ದವು, ಅವರ ನೆನಪಿನಲ್ಲಿದ್ದದ್ದು ಹಲವು ತಿಂಗಳ ಹಿಂದೆ ನೋಡಿದ ಸಂಖ್ಯೆ. ವೈಯಕ್ತಿಕ ಸಾಲದಲ್ಲಿ 240 ಉಳಿದಿತ್ತು. ತಾವು ಕಟ್ಟಿದ ಕಂತುಗಳನ್ನೆಲ್ಲ ಪೂರ್ತಿಯಾಗಿ ಅಸಲಿನಿಂದ ಕಳೆಯುತ್ತಾ ಬಂದದ್ದರಿಂದ ಅವರಿಗೆ 210 ಎನಿಸಿತ್ತು, ಪ್ರತಿ ಕಂತಿನ ಒಂದು ಪಾಲು ಬಡ್ಡಿಗೆ ಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ವಾಹನ ಸಾಲದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅದು 120ರ ಸಾಲ, ಮೂರು ವರ್ಷದ ಅವಧಿ, ಪತ್ರದಲ್ಲಿ ಬರೆದದ್ದು 10% ಫ್ಲಾಟ್ ಬಡ್ಡಿ. ಫ್ಲಾಟ್ ಲೆಕ್ಕದಲ್ಲಿ ಅಸಲು ಕಡಿಮೆಯಾಗುತ್ತಾ ಹೋದರೂ ಬಡ್ಡಿಯನ್ನು ಮೊದಲ ದಿನದ ಪೂರ್ತಿ 120ರ ಮೇಲೆಯೇ ಮೂರು ವರ್ಷವೂ ಹಾಕಲಾಗುತ್ತದೆ. ಹಾಗಾಗಿ ಬಡ್ಡಿ 36, ಒಟ್ಟು 156, ತಿಂಗಳ ಕಂತು 4.33. ಇದೇ ಕಂತನ್ನು ಉಳಿದ ಸಾಲಗಳಂತೆ ಇಳಿಯುವ ಬಾಕಿಯ ಮೇಲಿನ ಬಡ್ಡಿಯಾಗಿ ಪರಿವರ್ತಿಸಿದರೆ ದರ ವರ್ಷಕ್ಕೆ ಸುಮಾರು 18%ಕ್ಕೆ ಏರುತ್ತದೆ. ಒಂದು ವರ್ಷ ಕಂತು ಕಟ್ಟಿದ ಮೇಲೆ ಮೂರನೆಯ ಒಂದು ಭಾಗ ತೀರಿ 80 ಉಳಿದಿದೆ ಎಂದು ಅವರು ತಿಳಿದಿದ್ದರು, ಇಳಿಯುವ ಬಾಕಿಯ ಲೆಕ್ಕದಲ್ಲಿ ಉಳಿದದ್ದು 87. 15%ರ ವೈಯಕ್ತಿಕ ಸಾಲ ದುಬಾರಿ, 10%ರ ವಾಹನ ಸಾಲ ಅಗ್ಗ ಎಂಬ ಅವರ ನಂಬಿಕೆಯೂ ಇದರೊಂದಿಗೆ ತಲೆಕೆಳಗಾಯಿತು. ಎರಡು ದರಗಳನ್ನು ಹೋಲಿಸುವ ಮುನ್ನ ಅವು ಒಂದೇ ವಿಧಾನದಲ್ಲಿ ಲೆಕ್ಕ ಹಾಕಿದವೇ ಎಂದು ಕೇಳುವವರು ಕಡಿಮೆ, ಸಾಲ ಮಾರುವವರು ತಾವಾಗಿ ಹೇಳುವುದು ಇನ್ನೂ ಕಡಿಮೆ.

ಬಾಕಿ ಏಕೆ ಇಳಿಯಲಿಲ್ಲ

ಈ ಪ್ರಕರಣದ ತಿರುಳು ಇರುವುದು ಎರಡು ಕ್ರೆಡಿಟ್ ಕಾರ್ಡುಗಳಲ್ಲಿ. ಮೊದಲ ಕಾರ್ಡಿನ ಬಾಕಿ 180, ಬಡ್ಡಿ ತಿಂಗಳಿಗೆ 3%. ಎರಡನೆಯ ಕಾರ್ಡಿನ ಬಾಕಿ 60, ಬಡ್ಡಿ ತಿಂಗಳಿಗೆ 3.5%. ಎರಡರಲ್ಲೂ ಕನಿಷ್ಠ ಪಾವತಿ ಎಂದರೆ ಬಾಕಿಯ 5%. ಸ್ಟೇಟ್‌ಮೆಂಟಿನ ಮೇಲ್ಭಾಗದಲ್ಲಿ ಒಟ್ಟು ಬಾಕಿ ಮತ್ತು ಕನಿಷ್ಠ ಪಾವತಿ ಎಂಬ ಎರಡು ಸಂಖ್ಯೆಗಳು ಅಕ್ಕಪಕ್ಕದಲ್ಲೇ ಇರುತ್ತವೆ, ಇವರ ಕಣ್ಣು ಎರಡನೆಯದರ ಮೇಲೆ ಮಾತ್ರ ನಿಲ್ಲುತ್ತಿತ್ತು. ಸ್ವಯಂಚಾಲಿತ ಪಾವತಿಯನ್ನೂ ಅದಕ್ಕೇ ಹೊಂದಿಸಿದ್ದರಿಂದ ಕ್ರಮೇಣ ಸ್ಟೇಟ್‌ಮೆಂಟ್ ತೆರೆದು ನೋಡುವ ಅಗತ್ಯವೂ ಅವರಿಗೆ ಕಾಣಲಿಲ್ಲ.

ಒಂದು ತಿಂಗಳನ್ನು ಬಿಡಿಸಿ ನೋಡೋಣ. ಮೊದಲ ಕಾರ್ಡಿಗೆ ಕಟ್ಟಿದ್ದು 9, ಅದರಲ್ಲಿ ಬಡ್ಡಿಗೆ ಹೋದದ್ದು 5.4, ಅಸಲಿನಿಂದ ಇಳಿದದ್ದು 3.6. ಎರಡನೆಯ ಕಾರ್ಡಿಗೆ ಕಟ್ಟಿದ್ದು 3, ಬಡ್ಡಿಗೆ 2.1, ಅಸಲಿಗೆ 0.9. ಹೀಗೆ ಎರಡೂ ಕಾರ್ಡಿಗೆ ಸೇರಿ 12 ಕಟ್ಟಿದಾಗ ಅಸಲಿನಿಂದ ಕಳೆದದ್ದು 4.5 ಮಾತ್ರ. ಇಷ್ಟೇ ಆಗಿದ್ದರೂ ಬಾಕಿ ನಿಧಾನವಾಗಿಯಾದರೂ ಇಳಿಯಬೇಕಿತ್ತು. ಆದರೆ ಅದೇ ತಿಂಗಳಲ್ಲಿ ಮನೆಯ ಲೆಕ್ಕ ಸರಿಹೋಗದೆ ಅವೇ ಕಾರ್ಡುಗಳ ಮೇಲೆ ಬಿದ್ದ ಹೊಸ ಖರ್ಚು 5.33. ಕಳೆದದ್ದು 4.5, ಕೂಡಿದ್ದು 5.33. ಸಂಬಳದ ಎಂಟನೆಯ ಒಂದು ಭಾಗದಷ್ಟು ಹಣವನ್ನು ತೆತ್ತ ಮೇಲೂ ತಿಂಗಳ ಕೊನೆಗೆ ಬಾಕಿ 0.8ರಷ್ಟು ಏರಿರುತ್ತಿತ್ತು. ಕಟ್ಟುತ್ತಲೇ ಇದ್ದೇನೆ, ಕಡಿಮೆಯಾಗುತ್ತಿಲ್ಲ ಎಂಬ ಅವರ ಮಾತು ದೂರಿನಂತೆ ಕೇಳಿಸುತ್ತಿತ್ತಾದರೂ ಲೆಕ್ಕದ ಪ್ರಕಾರ ಅದು ಅಕ್ಷರಶಃ ನಿಜ.

ಇದರ ಜೊತೆಗೆ ಇನ್ನೊಂದು ಅಂಶವೂ ಸೇರಿಕೊಂಡಿತ್ತು. ಬಾಕಿಯನ್ನು ಪೂರ್ತಿ ತೀರಿಸುವವರಿಗೆ ಕಾರ್ಡಿನ ಖರೀದಿಗಳ ಮೇಲೆ ಕೆಲವು ವಾರಗಳ ಬಡ್ಡಿರಹಿತ ಅವಧಿ ಸಿಗುತ್ತದೆ. ಬಾಕಿಯನ್ನು ಮುಂದಿನ ತಿಂಗಳಿಗೆ ಹೊತ್ತುಕೊಂಡು ಹೋಗುವವರಿಗೆ ಬಹುತೇಕ ಕಾರ್ಡುಗಳಲ್ಲಿ ಆ ಸೌಲಭ್ಯ ತಪ್ಪಿಹೋಗಿ, ಹೊಸದಾಗಿ ಕೊಂಡ ಪ್ರತಿ ವಸ್ತುವಿನ ಮೇಲೂ ಕೊಂಡ ದಿನದಿಂದಲೇ ಬಡ್ಡಿ ಶುರುವಾಗುತ್ತದೆ. ಕಾರ್ಡಿನಲ್ಲಿ ನಗದು ತೆಗೆದರಂತೂ ಶುಲ್ಕವೂ ಬೇರೆ. ತಿಂಗಳ ಕೊನೆಯ ವಾರ ದಿನಸಿಯನ್ನು ಕಾರ್ಡಿನಲ್ಲಿ ತಂದು ಸಂಬಳ ಬಂದ ಮೇಲೆ ಕಟ್ಟುತ್ತೇನೆ ಎನ್ನುವವರು, ಹಳೆಯ ಬಾಕಿ ಇದ್ದರೆ, ಆ ದಿನಸಿಯನ್ನು 36% ಬಡ್ಡಿಗೆ ತಂದಂತಾಗುತ್ತದೆ.

ಕನಿಷ್ಠ ಪಾವತಿಯ ಬಗ್ಗೆ ಒಂದು ಲೆಕ್ಕವನ್ನು ಅವರ ಮುಂದಿಟ್ಟಾಗ ಅವರು ಅದನ್ನು ನಂಬದೆ ತಾವೇ ಮತ್ತೆ ಕೂಡಿ ನೋಡಿದರು. ಮೊದಲ ಕಾರ್ಡಿನಲ್ಲಿ ಹೊಸ ಖರ್ಚು ಏನೂ ಇಲ್ಲವೆಂದೇ ಭಾವಿಸೋಣ. ತಿಂಗಳಿಗೆ ಬಾಕಿಯ 5% ಕಟ್ಟುತ್ತಾ ಹೋದರೆ ಬಾಕಿ ಇಳಿದಂತೆ ಕಟ್ಟುವ ಮೊತ್ತವೂ ಇಳಿಯುತ್ತದೆ, ಪ್ರತಿ ತಿಂಗಳು ತೀರುವುದು ಉಳಿದ ಬಾಕಿಯ 2% ಮಾತ್ರ. ಈ ವೇಗದಲ್ಲಿ 180 ಎಂಬುದು 90ಕ್ಕೆ ಇಳಿಯಲು ಸುಮಾರು 34 ತಿಂಗಳು ಬೇಕು. ಅದರ ಬದಲು ಮೊದಲ ತಿಂಗಳ ಕನಿಷ್ಠ ಪಾವತಿಯಾದ ಅದೇ 9ನ್ನು, ಬಾಕಿ ಎಷ್ಟೇ ಇಳಿದರೂ ಕಡಿಮೆ ಮಾಡದೆ, ಪ್ರತಿ ತಿಂಗಳೂ ಕಟ್ಟಿದರೆ ಇಡೀ ಸಾಲ 31 ತಿಂಗಳಲ್ಲಿ ಪೂರ್ತಿ ತೀರುತ್ತದೆ. ಮೊದಲ ತಿಂಗಳಲ್ಲಿ ಎರಡೂ ದಾರಿಗಳಿಗೆ ಬೇಕಾದ ಹಣ ಒಂದೇ, ಈಗ ಜೇಬಿನಿಂದ ಹೆಚ್ಚುವರಿಯಾಗಿ ಏನನ್ನೂ ತೆಗೆಯಬೇಕಾಗಿಲ್ಲ. ಕಂತನ್ನು ಸ್ಥಿರವಾಗಿ ಹಿಡಿಯುವುದಷ್ಟೇ ವ್ಯತ್ಯಾಸ. ಸಾಲ ತೀರಿಸಲು ಹೊರಟವರಿಗೆ ಕೊಡುವ ಸಲಹೆಗಳಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಇನ್ನೊಂದು ನನಗೆ ಗೊತ್ತಿಲ್ಲ.

5.33ರ ಮೂಲ

ಹೊಸ ಸಾಲ ಹುಟ್ಟುತ್ತಿದ್ದದ್ದು ಎಲ್ಲಿಂದ? ಸಂಬಳ 100, ನಾಲ್ಕು ಸಾಲಗಳ ಕಡ್ಡಾಯ ಪಾವತಿ 27.33. ಮನೆ ಖರ್ಚು 65 ಎಂದು ಅವರು ಹೇಳಿದ್ದರು. ಹಾಗಾದರೆ ತಿಂಗಳಿಗೆ 7ಕ್ಕೂ ಹೆಚ್ಚು ಉಳಿಯಬೇಕು, ಉಳಿಯುತ್ತಿರಲಿಲ್ಲ. ಹಿಂದಿನ ಮೂರು ತಿಂಗಳ ಬ್ಯಾಂಕ್ ಮತ್ತು ಕಾರ್ಡ್ ಸ್ಟೇಟ್‌ಮೆಂಟುಗಳನ್ನು ಸಾಲು ಸಾಲಾಗಿ ಓದಿ ಕೂಡಿದಾಗ ಸರಾಸರಿ ಖರ್ಚು 78 ಎಂದು ತಿಳಿಯಿತು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಸಾಲಗಾರರಿಗೆ ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ, ಆದರೆ ಹಾಸಿಗೆಯ ಉದ್ದ ಎಷ್ಟೆಂದು ಇವರು ಒಮ್ಮೆಯೂ ಅಳೆದಿರಲಿಲ್ಲ.

ಲೆಕ್ಕಕ್ಕೆ ಸಿಗದಿದ್ದ 13ರಲ್ಲಿ ದೊಡ್ಡ ಪಾಲು, ಅಂದರೆ 6, ದುಂದುವೆಚ್ಚವೇ ಅಲ್ಲ. ವಿಮೆಯ ಕಂತು, ಶಾಲೆಯ ಶುಲ್ಕ, ವಾಹನದ ರಿಪೇರಿ, ವರ್ಷಕ್ಕೊಮ್ಮೆ ಬರುವ ತೆರಿಗೆ ಇವೆಲ್ಲ ತಿಂಗಳ ಖರ್ಚಿನ ಪಟ್ಟಿಯಲ್ಲಿ ಬರುವುದಿಲ್ಲ. ಬಂದಾಗಲೆಲ್ಲ ಅನಿರೀಕ್ಷಿತ ಎನಿಸುತ್ತವೆ, ಆದರೆ ಪ್ರತಿ ವರ್ಷವೂ ಬರುತ್ತವೆ. ಅವು ಬಂದ ತಿಂಗಳು ಕಾರ್ಡೇ ಗತಿಯಾಗುತ್ತಿತ್ತು. ಇನ್ನು 5 ಸಣ್ಣ ಪುಟ್ಟ ಆನ್‌ಲೈನ್ ಖರೀದಿಗಳು, ಒಂದೊಂದಾಗಿ ನೋಡಿದರೆ ಯಾವುದನ್ನೂ ತಪ್ಪೆನ್ನಲಾಗದು. ಉಳಿದ 2 ತಡಪಾವತಿಯ ದಂಡ ಮತ್ತು ಯಾರೂ ಬಳಸದೆ ತಾನಾಗಿಯೇ ನವೀಕರಣಗೊಳ್ಳುತ್ತಿದ್ದ ಚಂದಾಗಳು.

ಖರ್ಚು ಕಡಿತದ ಮಾತು ಬಂದಾಗ ಮನೆಯಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕಾಯಿತು. ಎರಡನೆಯ ಕಾರ್ಡು ಇರುವುದೇ ಪತ್ನಿಗೆ ಗೊತ್ತಿರಲಿಲ್ಲ. ಹೇಳಿದ ಸಂಜೆ ಮನೆ ಹೇಗಿತ್ತೆಂಬುದು ಈ ಅಧ್ಯಯನದ ವಿಷಯವಲ್ಲ. ಆದರೆ ಒಬ್ಬರಿಗೆ ಮಾತ್ರ ಗೊತ್ತಿರುವ ಸಾಲವನ್ನು ಇಬ್ಬರು ನಡೆಸುವ ಸಂಸಾರದಿಂದ ತೀರಿಸಲಾಗದು ಎಂಬುದು ಮರುವಾರವೇ ಕಂಡಿತು, ಏಕೆಂದರೆ ಚಂದಾಗಳ ಪಟ್ಟಿಯನ್ನು ಪೂರ್ಣಗೊಳಿಸಿದವರು ಅವರ ಪತ್ನಿಯೇ. ಸೇರಿ ಕುಳಿತು ಮಾಡಿದ ಪಟ್ಟಿಯ ಪ್ರಕಾರ ನಿಯತ ಖರ್ಚು 65ರಿಂದ 62ಕ್ಕೆ, ಸಣ್ಣ ಖರೀದಿಗಳು 5ರಿಂದ 2ಕ್ಕೆ ಇಳಿದವು, ದಂಡ ಮತ್ತು ಚಂದಾಗಳ 2 ಪೂರ್ತಿ ನಿಂತಿತು. ವರ್ಷಕ್ಕೊಮ್ಮೆ ಬರುವ ಖರ್ಚಿನ 6ನ್ನು ಕಡಿತ ಮಾಡಲಿಲ್ಲ. ಅದನ್ನು ಪ್ರತಿ ತಿಂಗಳೂ ಬೇರೆ ಖಾತೆಗೆ ವರ್ಗಾಯಿಸುವ ಏರ್ಪಾಟು ಮಾಡಲಾಯಿತು. ಹೊಸ ಖರ್ಚಿನ ಮೊತ್ತ 70.

ಕಡಿತ ಇನ್ನೂ ಬಿಗಿಯಾಗಬಹುದಿತ್ತಲ್ಲ ಎಂದು ಕೆಲವರಿಗೆ ಅನಿಸಬಹುದು. ಮೊದಲ ತಿಂಗಳ ಉತ್ಸಾಹದಲ್ಲಿ 60ಕ್ಕೆ ಇಳಿಸುತ್ತೇವೆಂದು ಇವರೂ ಹೊರಟಿದ್ದರು. ಅದನ್ನು ತಡೆದದ್ದೇ ಒಳ್ಳೆಯದಾಯಿತೆಂದು ನನ್ನ ಅಭಿಪ್ರಾಯ. ಎರಡು ವರ್ಷಕ್ಕೂ ಮಿಕ್ಕಿ ನಡೆಯಬೇಕಾದ ಯೋಜನೆಯನ್ನು ಎರಡು ತಿಂಗಳು ಮಾತ್ರ ಸಹಿಸಬಲ್ಲ ಬಜೆಟ್ಟಿನ ಮೇಲೆ ನಿಲ್ಲಿಸಬಾರದು.

ಠೇವಣಿಯನ್ನು ಮುರಿಯಬೇಕೇ

ಇವರ ಹೆಸರಿನಲ್ಲಿ 40ರ ಒಂದು ಠೇವಣಿ ಇತ್ತು, ಅದಕ್ಕೆ ವರ್ಷಕ್ಕೆ 7% ಬಡ್ಡಿ. ಆಪತ್ಕಾಲಕ್ಕೆ ಇರಲಿ ಎಂದು ಅದನ್ನು ಮುಟ್ಟಿರಲಿಲ್ಲ. ಆ 40 ವರ್ಷಕ್ಕೆ ಗಳಿಸುತ್ತಿದ್ದದ್ದು 2.8. ಅದೇ ಮೊತ್ತದ ಸಾಲಕ್ಕೆ ಎರಡನೆಯ ಕಾರ್ಡಿನಲ್ಲಿ ಅವರು ತೆರುತ್ತಿದ್ದ ಬಡ್ಡಿ ವರ್ಷಕ್ಕೆ 16.8. ಲೆಕ್ಕವನ್ನಷ್ಟೇ ನೋಡಿದರೆ ಇಡೀ ಠೇವಣಿಯನ್ನು ಮುರಿದು ಕಾರ್ಡಿಗೆ ಕಟ್ಟಬೇಕು.

ಹಾಗೆ ಮಾಡಲಿಲ್ಲ. 25ನ್ನು ಕಾರ್ಡಿಗೆ ಕಟ್ಟಿ 15ನ್ನು ಉಳಿಸಿಕೊಳ್ಳಲಾಯಿತು. ಕಾರ್ಡುಗಳನ್ನು ಬಳಸುವುದಿಲ್ಲವೆಂದು ನಿರ್ಧರಿಸಿದ ಮನೆಯಲ್ಲಿ ಕೈಯಲ್ಲಿ ಏನೂ ಇಲ್ಲದಿದ್ದರೆ, ಮೊದಲ ತುರ್ತು ಖರ್ಚು ಬಂದ ದಿನವೇ ಆ ನಿರ್ಧಾರ ಮುರಿಯುತ್ತದೆ. 15ನ್ನು ಉಳಿಸಿಕೊಂಡದ್ದರಿಂದ ವರ್ಷಕ್ಕೆ ಆಗುವ ನಷ್ಟ ಸುಮಾರು 5.25, ಅದನ್ನು ವಿಮೆಗೆ ತೆತ್ತ ಕಂತು ಎಂದುಕೊಳ್ಳಬೇಕು. ಆ ಕಂತು ದಂಡವಾಯಿತೇ ಇಲ್ಲವೇ ಎಂಬುದು ನಾಲ್ಕನೆಯ ತಿಂಗಳಲ್ಲಿ ಗೊತ್ತಾಯಿತು, ಅದನ್ನು ಮುಂದೆ ನೋಡೋಣ. 25 ಕಟ್ಟಿದ ಮೇಲೆ ಎರಡನೆಯ ಕಾರ್ಡಿನ ಬಾಕಿ 35ಕ್ಕೆ ಇಳಿಯಿತು.

ಹಗುರವಾಗಿ ಕಾಣುವ ಸಾಲ

ಇದೇ ಸಮಯದಲ್ಲಿ ಅವರಿಗೆ ಒಂದು ಆಮಿಷ ಎದುರಾಯಿತು. ಠೇವಣಿಯನ್ನು ಮುಟ್ಟುವುದೇ ಬೇಡ, ಎರಡೂ ಕಾರ್ಡುಗಳ ಒಟ್ಟು 240ನ್ನು ಒಂದೇ ಸಾಲವಾಗಿ 16% ದರದಲ್ಲಿ, ಐದು ವರ್ಷದ ಅವಧಿಗೆ ಕೊಡುತ್ತೇವೆ ಎಂಬ ಕರೆ. ಕಾರ್ಡುಗಳಿಗೆ ತಿಂಗಳಿಗೆ 12 ಹೋಗುತ್ತಿದ್ದ ಜಾಗದಲ್ಲಿ ಕಂತು 5.84 ಮಾತ್ರ. ದರವೂ ಅರ್ಧಕ್ಕಿಂತ ಕಡಿಮೆ, ಕಂತೂ ಅರ್ಧಕ್ಕಿಂತ ಕಡಿಮೆ. ಇದರಲ್ಲಿ ಯೋಚಿಸಲು ಏನಿದೆ ಎಂದು ಅವರು ಕೇಳಿದ್ದು ಸಹಜ.

ಯೋಚಿಸಲು ಇದ್ದದ್ದು ಅವಧಿ. 5.84ರ ಕಂತನ್ನು 60 ತಿಂಗಳು ಕಟ್ಟಿದರೆ ಒಟ್ಟು 350 ಆಗುತ್ತದೆ, 240ರ ಸಾಲಕ್ಕೆ ಬಡ್ಡಿಯೇ 110. ಇದಕ್ಕೆ ಎದುರಾಗಿ ಅವರು ಮೊದಲ ಕಾರ್ಡ್ ಕೊಟ್ಟ ಸಂಸ್ಥೆಯನ್ನೇ ಕೇಳಿ, 180ರ ಬಾಕಿಯನ್ನು 18% ದರದಲ್ಲಿ 24 ತಿಂಗಳ ಸ್ಥಿರ ಕಂತುಗಳಾಗಿ ಪರಿವರ್ತಿಸಿಕೊಂಡರು. 2% ಶುಲ್ಕ ಸೇರಿ 183.6ರ ಮೇಲೆ ಕಂತು 9.17. ಅವರು ಆಗಲೇ ಕಟ್ಟುತ್ತಿದ್ದ 9ಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಆದರೆ 36% ಬಡ್ಡಿಯಲ್ಲಿ 9ರಂತೆ 31 ತಿಂಗಳು ಕಟ್ಟಿ 279 ತೆರುವ ಬದಲು, 24 ತಿಂಗಳಲ್ಲಿ 220 ತೆತ್ತು ಮುಗಿಸಬಹುದು. ಉಳಿತಾಯ 59, ಅಂದರೆ ಅರ್ಧ ತಿಂಗಳ ಸಂಬಳಕ್ಕಿಂತ ಹೆಚ್ಚು, ಅದಕ್ಕಾಗಿ ಮಾಡಿದ ಕೆಲಸ ಒಂದು ಕರೆ ಮತ್ತು ಒಂದು ಅರ್ಜಿ. ಇಂಥ ಪರಿವರ್ತನೆಯನ್ನು ಕೊಡುವುದೂ ಬಿಡುವುದೂ ಸಾಲ ಕೊಟ್ಟವರ ಇಚ್ಛೆ. ಕಂತು ತಪ್ಪುವ ಮೊದಲೇ ಕೇಳಿದವರ ಮಾತಿಗೆ ಹೆಚ್ಚು ತೂಕವಿರುತ್ತದೆ ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ನ್ಯಾಯವಾಗಿ ಹೇಳಬೇಕೆಂದರೆ ಐದು ವರ್ಷದ ಸಾಲ ಎಲ್ಲರಿಗೂ ಕೆಟ್ಟದ್ದಲ್ಲ. ಕಂತು 5.84 ಆದರೂ ಹಳೆಯ 12ನ್ನೇ ಕಟ್ಟುತ್ತಾ ಹೋಗುವವರಿಗೆ, ಅವಧಿಗೆ ಮುನ್ನ ತೀರಿಸಲು ದಂಡವಿಲ್ಲದಿದ್ದರೆ, ಅದು ಲಾಭದ ವ್ಯವಹಾರವೇ. ಆದರೆ ಕಂತು ಇಳಿದಾಗ ಉಳಿದ ಹಣ ಸಾಲಕ್ಕೆ ಹೋಗುವುದು ಅಪರೂಪ, ಮನೆ ಖರ್ಚಿನೊಳಗೆ ಕರಗುವುದೇ ಹೆಚ್ಚು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಸಾಲವನ್ನು ಬೇರೆಡೆಗೆ ವರ್ಗಾಯಿಸಿದ ಕೂಡಲೇ ಎರಡು ಕಾರ್ಡುಗಳೂ ಖಾಲಿಯಾಗಿ, ಪೂರ್ತಿ ಮಿತಿಯೊಂದಿಗೆ ಮತ್ತೆ ಕೈಗೆ ಬರುತ್ತವೆ. ತಿಂಗಳ ಕೊರತೆಯನ್ನು ಸರಿಪಡಿಸದೆ ಸಾಲಗಳನ್ನು ಒಟ್ಟುಗೂಡಿಸಿದವರು ಒಂದೆರಡು ವರ್ಷಗಳಲ್ಲಿ ಹೊಸ ಸಾಲದ ಕಂತನ್ನೂ ಹಳೆಯ ಕಾರ್ಡುಗಳ ಬಾಕಿಯನ್ನೂ ಒಟ್ಟಿಗೆ ಹೊರುವ ಸ್ಥಿತಿಗೆ ಬರುತ್ತಾರೆ. ಇವರು ಪರಿವರ್ತನೆಯ ಅರ್ಜಿಯೊಂದಿಗೇ ಮೊದಲ ಕಾರ್ಡಿನ ಮಿತಿಯನ್ನು ಕಡಿಮೆ ಮಾಡುವಂತೆ ಕೋರಿದರು, ಎರಡೂ ಕಾರ್ಡುಗಳ ವಿವರವನ್ನು ಫೋನಿನ ಖರೀದಿ ಆ್ಯಪ್‌ಗಳಿಂದ ಅಳಿಸಿದರು.

ಮುಂಗಡ ಶುಲ್ಕ ಪಡೆದು ಅರ್ಧ ಹಣಕ್ಕೆ ಸಾಲ ಚುಕ್ತಾ ಮಾಡಿಸುತ್ತೇವೆ ಎನ್ನುವ ಮಧ್ಯವರ್ತಿಗಳ ಕರೆಯೂ ಬಂದಿತ್ತು. ಕಂತು ಕಟ್ಟುವ ಶಕ್ತಿ ಇರುವವರಿಗೆ ಇದು ಸಲ್ಲದ ದಾರಿ, ಹಾಗೆ ಮುಗಿಸಿದ ಸಾಲದ ಗುರುತು ಸಾಲ ಇತಿಹಾಸದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಸರದಿಯ ಪ್ರಶ್ನೆ ಮತ್ತು ಅಕ್ಕನ ಸಾಲ

ಅವರು ಮೊದಲು ಕೇಳಿದ್ದ ಪ್ರಶ್ನೆಗೆ ಉತ್ತರಿಸುವ ಹೊತ್ತು ಬಂದದ್ದು ಈಗ. ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಿದರೆ ಒಟ್ಟು ಬಡ್ಡಿ ಕಡಿಮೆಯಾಗುತ್ತದೆ ಎಂಬುದು ಒಂದು ಪಕ್ಷ. ಚಿಕ್ಕ ಸಾಲವನ್ನು ಮೊದಲು ತೀರಿಸಿದರೆ ಒಂದು ಖಾತೆ ಬೇಗ ಮುಚ್ಚಿ, ಮುಂದುವರಿಯುವ ಹುರುಪು ಉಳಿಯುತ್ತದೆ ಎಂಬುದು ಇನ್ನೊಂದು ಪಕ್ಷ. ಬಡ್ಡಿ ಇರುವ ನಾಲ್ಕು ಸಾಲಗಳಲ್ಲಿ ಎರಡನೆಯ ಕಾರ್ಡೇ ಅತಿ ದುಬಾರಿ, ಅದೇ ಅತಿ ಚಿಕ್ಕದು. ಹೀಗಾಗಿ ಈ ಪ್ರಕರಣದಲ್ಲಿ ಎರಡೂ ಪಕ್ಷಗಳ ಉತ್ತರ ಒಂದೇ. ಉತ್ತರಗಳು ಬೇರೆಯಾಗುವ ಕಡೆ ನನ್ನ ಒಲವು ಬಡ್ಡಿಯ ಕಡೆಗೆ. ಆದರೆ ಹಿಂದೆ ಒಂದೆರಡು ಬಾರಿ ಶುರುಮಾಡಿ ನಡುವೆ ಕೈಬಿಟ್ಟವರಿಗೆ ಚಿಕ್ಕದರಿಂದ ಆರಂಭಿಸಿ ಎಂದು ಹೇಳಲು ಹಿಂಜರಿಯುವುದಿಲ್ಲ. ಯಾವುದನ್ನು ಆರಿಸಿದರೂ ಉಳಿದೆಲ್ಲ ಸಾಲಗಳ ಕಡ್ಡಾಯ ಮೊತ್ತ ತಪ್ಪಬಾರದು, ಅದರಲ್ಲೂ ವಾಹನ ಸಾಲದಂತೆ ವಸ್ತುವನ್ನೇ ಅಡವಿಟ್ಟಿರುವ ಸಾಲದ ಕಂತು.

ಅಕ್ಕನ 50 ಈ ಯಾವ ಸೂತ್ರಕ್ಕೂ ಒಗ್ಗದ ಸಾಲ. ಬಡ್ಡಿ ಸೊನ್ನೆಯಾದ್ದರಿಂದ ಲೆಕ್ಕದ ಪ್ರಕಾರ ಅದು ಕಟ್ಟಕಡೆಯದು. ಆದರೆ ಸಾಲ ಪಡೆದಂದಿನಿಂದ ಇವರು ಅಕ್ಕನ ಕರೆಗಳನ್ನು ತಪ್ಪಿಸುತ್ತಾ, ಮನೆಯ ಸಮಾರಂಭಗಳಿಗೂ ನೆಪ ಹೇಳುತ್ತಾ ಬಂದಿದ್ದರು. ಕೊನೆಗೆ ಒಂದು ದಿನ ಅವರ ಮನೆಗೇ ಹೋಗಿ, “ಅಕ್ಕ, ನಿನ್ನ ದುಡ್ಡು ಪೂರ್ತಿ ತೀರಿಸೋಕೆ ಇನ್ನೂ ಎರಡು ವರ್ಷ ಬೇಕಾಗುತ್ತೆ, ಈಗ ತಿಂಗಳಿಗೆ ಇಷ್ಟು ಮಾತ್ರ ಕೊಡಬಲ್ಲೆ” ಎಂದು ಪಟ್ಟಿಯ ಹಾಳೆಯನ್ನು ಮುಂದಿಟ್ಟರು. “ದುಡ್ಡು ನಿಧಾನವಾಗಿ ಬರಲಿ ಕಣೋ, ಫೋನ್ ಮಾಡಿದಾಗ ಎತ್ತು ಸಾಕು” ಎಂದರಂತೆ ಅಕ್ಕ. ಆ ತಿಂಗಳಿನಿಂದ 1ರಂತೆ ಕೊಡಲು ಶುರುವಾಯಿತು. ಆ 1ನ್ನೂ ಕಾರ್ಡಿಗೇ ಕಟ್ಟಿದ್ದರೆ ಒಂದಿಷ್ಟು ಬಡ್ಡಿ ಉಳಿಯುತ್ತಿತ್ತು ನಿಜ, ಆದರೆ ಲೆಕ್ಕದ ಈ ಸಣ್ಣ ನಷ್ಟವನ್ನು ಯಾವ ಅಂಜಿಕೆಯೂ ಇಲ್ಲದೆ ಒಪ್ಪಿಕೊಳ್ಳಬಹುದು.

ಮೊದಲ ವರ್ಷ

ಹೊಸ ತಿಂಗಳ ಲೆಕ್ಕ ಹೀಗೆ ನಿಂತಿತು: ಖರ್ಚು 70, ಮೊದಲ ಕಾರ್ಡಿನ ಕಂತು 9.17, ವೈಯಕ್ತಿಕ ಸಾಲ 11, ವಾಹನ 4.33, ಅಕ್ಕನಿಗೆ 1. ಉಳಿದ 4.5 ಎರಡನೆಯ ಕಾರ್ಡಿಗೆ. ಗಡುವುಗಳು ತಿಂಗಳ ಉದ್ದಕ್ಕೂ ಚದುರಿದ್ದೇ ಹಿಂದಿನ ದಂಡಗಳಿಗೆ ಕಾರಣವಾಗಿತ್ತು. ಆದ್ದರಿಂದ ಸಾಲ ಕೊಟ್ಟವರಿಗೆ ಬರೆದು, ಸಾಧ್ಯವಾದಷ್ಟು ಗಡುವುಗಳನ್ನು ಸಂಬಳ ಬರುವ ವಾರಕ್ಕೆ ತಂದುಕೊಂಡು, ಸ್ವಯಂಚಾಲಿತ ಪಾವತಿಯನ್ನು ಕನಿಷ್ಠ ಮೊತ್ತದ ಬದಲು ನಿಗದಿತ ಮೊತ್ತಕ್ಕೆ ಹೊಂದಿಸಲಾಯಿತು. ಈ ಕ್ರಮದಲ್ಲಿ ಎರಡನೆಯ ಕಾರ್ಡು ಹತ್ತನೆಯ ತಿಂಗಳಲ್ಲಿ ತೀರಬೇಕಿತ್ತು.

ನಾಲ್ಕನೆಯ ತಿಂಗಳಲ್ಲಿ ವಾಹನದ ರಿಪೇರಿಯೂ ಆಸ್ಪತ್ರೆಯ ಖರ್ಚೂ ಒಂದೇ ವಾರದಲ್ಲಿ ಬಂದವು. ಬೇರೆಯಾಗಿ ಎತ್ತಿಟ್ಟಿದ್ದ ಹಣ ಸಾಲದೆ, ತುರ್ತು ನಿಧಿಯ 15ರಲ್ಲಿ 8 ಖಾಲಿಯಾಯಿತು. ಐದು ಮತ್ತು ಆರನೆಯ ತಿಂಗಳಲ್ಲಿ ಎರಡನೆಯ ಕಾರ್ಡಿಗೆ ಕನಿಷ್ಠ ಮೊತ್ತವಾದ ಸುಮಾರು 1.1ನ್ನು ಮಾತ್ರ ಕಟ್ಟಿ, ಉಳಿದ 3.4ನ್ನು ನಿಧಿಗೆ ಮರಳಿ ತುಂಬಲಾಯಿತು. ಆ ಎರಡು ತಿಂಗಳು ಯೋಜನೆ ಮುರಿದುಬಿತ್ತೆಂದು ಅವರಿಗೆ ಅನಿಸಿತ್ತು. ನಿಜಕ್ಕೂ ಯೋಜನೆ ತನ್ನ ಕೆಲಸವನ್ನು ಮಾಡಿದ್ದು ಆಗಲೇ, ಏಕೆಂದರೆ ಹಿಂದಿನ ಕ್ರಮದಲ್ಲಾಗಿದ್ದರೆ ಆ 8 ನೇರವಾಗಿ ಕಾರ್ಡಿನ ಮೇಲೆ ಬೀಳುತ್ತಿತ್ತು. ಏಳನೆಯ ತಿಂಗಳಿಂದ ಮತ್ತೆ 4.5ರ ಪಾವತಿ ಶುರುವಾಗಿ, ಹನ್ನೊಂದನೆಯ ತಿಂಗಳ ಕೊನೆಗೆ ಚಿಲ್ಲರೆಯಷ್ಟು ಬಾಕಿ ಉಳಿದು, ಹನ್ನೆರಡನೆಯ ತಿಂಗಳಲ್ಲಿ ಕಾರ್ಡು ಪೂರ್ತಿ ಚುಕ್ತಾ ಆಯಿತು. ತಡವಾದದ್ದು ಎರಡೇ ತಿಂಗಳು. ಬಾಕಿ ಇಲ್ಲವೆಂಬ ಪತ್ರವನ್ನು ಲಿಖಿತವಾಗಿ ಪಡೆದ ಮೇಲೆ ಆ ಕಾರ್ಡನ್ನು ಮುಚ್ಚಿಸಿದರು. ಹಳೆಯ ಕಾರ್ಡನ್ನು ಮುಚ್ಚಿದರೆ ಸಾಲ ಅರ್ಹತೆಯ ಅಂಕ ತುಸು ಇಳಿಯಬಹುದು ಎಂಬ ಎಚ್ಚರಿಕೆಯನ್ನು ಅವರಿಗೆ ಹೇಳಲಾಗಿತ್ತು. ಸದ್ಯ ಹೊಸ ಸಾಲವೇ ಬೇಡವಾಗಿರುವವರಿಗೆ ಆ ಅಂಕದಿಂದ ಆಗಬೇಕಾದದ್ದೇನೂ ಇರಲಿಲ್ಲ.

ವರ್ಷದ ಕೊನೆಗೆ ಮೊದಲ ಕಾರ್ಡಿನ ಪರಿವರ್ತಿತ ಸಾಲ 100, ವೈಯಕ್ತಿಕ ಸಾಲ 137, ವಾಹನ 47, ಅಕ್ಕನದು 38. ಒಟ್ಟು 322. ಹೊರಟಾಗ ಇದ್ದ 617ರ ಹತ್ತಿರಹತ್ತಿರ ಅರ್ಧ. ಎರಡೂ ಕಾರ್ಡುಗಳ 240ಕ್ಕೆ ಆರಂಭದಿಂದ ಕೊನೆಯವರೆಗೆ ಬೀಳುವ ಬಡ್ಡಿ ಮತ್ತು ಶುಲ್ಕದ ಒಟ್ಟು ಹೊರೆ ಈಗಿನ ಲೆಕ್ಕದಲ್ಲಿ 48ರ ಆಸುಪಾಸು, ಕರೆಯಲ್ಲಿ ಬಂದ ಐದು ವರ್ಷದ ಸಾಲವನ್ನು ತೆಗೆದುಕೊಂಡಿದ್ದರೆ ಅದು 110.

ಸಂಬಳದ 27% ಕಡ್ಡಾಯ ಪಾವತಿಗೆ ಹೋಗುತ್ತಿದ್ದ ಕಾರಣ ಈ ಕುಟುಂಬಕ್ಕೆ ಖರ್ಚು ತಗ್ಗಿಸಿ ಕೊರತೆಯನ್ನು ತುಂಬಿಕೊಳ್ಳಲು ಸಾಧ್ಯವಾಯಿತು. ಆ ಪ್ರಮಾಣ 50% ಅಥವಾ 60% ಇರುವ ಮನೆಗಳಲ್ಲಿ ಯಾವ ಕಡಿತವೂ ಸಾಲದೆ ಹೋಗಬಹುದು. ಅಂಥವರು ಸರದಿಯ ಲೆಕ್ಕದಲ್ಲಿ ತಿಂಗಳುಗಳನ್ನು ಕಳೆಯದೆ, ಸಾಲ ಕೊಟ್ಟವರೊಂದಿಗೆ ಅವಧಿ ಮತ್ತು ದರದ ಮರುಹೊಂದಾಣಿಕೆಯನ್ನು ಕೇಳಬೇಕು, ಶುಲ್ಕವಿಲ್ಲದೆ ಸಾಲ ಸಲಹೆ ನೀಡುವ ವಿಶ್ವಾಸಾರ್ಹ ಸಂಸ್ಥೆಯಿದ್ದರೆ ಅದರ ನೆರವು ಪಡೆಯಬೇಕು, ಅದೂ ಸಾಲದಿದ್ದರೆ ತಮ್ಮ ದೇಶದ ದಿವಾಳಿ ಕಾನೂನಿನಲ್ಲಿ ವ್ಯಕ್ತಿಗಳಿಗೆ ಯಾವ ರಕ್ಷಣೆ ಇದೆ ಎಂದು ವಕೀಲರಿಂದ ತಿಳಿಯಬೇಕು.

ಹದಿಮೂರನೆಯ ತಿಂಗಳಿನಿಂದ ಬಿಡುವಾದ 4.5ನ್ನು ವಾಹನ ಸಾಲಕ್ಕೆ ಮುಂಗಡವಾಗಿ ಕಟ್ಟುವ ಆಲೋಚನೆ ಮೊದಲು ಬಂದಿತ್ತು. ಸಾಲಪತ್ರವನ್ನು ಓದಿದಾಗ ಅವಧಿಗೆ ಮುನ್ನ ಕಟ್ಟಿದರೂ ಫ್ಲಾಟ್ ಬಡ್ಡಿಯಲ್ಲಿ ರಿಯಾಯಿತಿ ಇಲ್ಲವೆಂದು ತಿಳಿದು ಅದನ್ನು ಕೈಬಿಟ್ಟರು. ವೈಯಕ್ತಿಕ ಸಾಲದಲ್ಲೂ ಮುಂಗಡ ಪಾವತಿಗೆ ಶುಲ್ಕವಿತ್ತು. ಆದ್ದರಿಂದ 2 ತುರ್ತು ನಿಧಿಗೆ, 2.5 ಅಕ್ಕನಿಗೆ ಎಂದು ಹಂಚಿಕೆಯಾಯಿತು. ಮೊದಲಿನ 1 ಸೇರಿ ಅಕ್ಕನಿಗೆ ತಿಂಗಳಿಗೆ 3.5 ಸಂದರೆ ಆ ಸಾಲ ಇಪ್ಪತ್ತಮೂರನೆಯ ತಿಂಗಳಲ್ಲಿ ತೀರುತ್ತದೆ. ಮೊದಲ ಕಾರ್ಡು ಮತ್ತು ವಾಹನದ ಕೊನೆಯ ಕಂತುಗಳು ಇಪ್ಪತ್ತನಾಲ್ಕನೆಯ ತಿಂಗಳಿಗೆ ಬೀಳುತ್ತವೆ, ವೈಯಕ್ತಿಕ ಸಾಲದ್ದು ಇಪ್ಪತ್ತಾರನೆಯ ತಿಂಗಳಿಗೆ.